ನಮಗೆ ಗಂಟೆಗೊಂದು ಟಾರ್ಗೆಟ್! ಸರ್ಕಾರಕ್ಕೆ 2070ಕ್ಕೊಂದು ಟಾರ್ಗೆಟ್!

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ನಾಯಂಡಹಳ್ಳಿ, ಕೆಂಗೇರಿಯ ಬಂಧುಗಳೇ!

ತಳ್ಳುಗಾಡಿಯ ಅಣ್ಣಂದಿರೇ! ಗಾರ್ಮೆಂಟ್ಸ್ ಅಕ್ಕ-ತಂಗಿಯರೇ! ಆಟೋ ಓಡಿಸುವವರೇ! ಊಟದ ಪಾರ್ಸೆಲ್ ಹೊತ್ತು ಓಡುವ ತಮ್ಮಂದಿರೇ! ಬೆಳಗಿನ ಜಾವವೇ ಪೊರಕೆ ಹಿಡಿಯುವ ಪೌರಕಾರ್ಮಿಕರೇ! ಗಾರೆ ಕೆಲಸದವರೇ! ಶೀಟ್ ಮನೆಯಲ್ಲಿ ಮಕ್ಕಳಿಗೆ ಗಾಳಿ ಬೀಸುತ್ತಾ ರಾತ್ರಿ ಕಳೆಯುವ ತಾಯಂದಿರೇ!

ಸ್ವಲ್ಪ ನಿಲ್ಲಿ. ಇದನ್ನು ಓದಿ. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ. ಇದು ದಿಲ್ಲಿಯ ವಿಷಯ, ಪ್ಯಾರಿಸ್‌ನ ವಿಷಯ ಅಂತ ಮಡಚಿ ಬಿಸಾಡಬೇಡಿ. ಇದು ನಮ್ಮ ಮೈ ಸುಡುವ ವಿಷಯ!

ಬೆಂದವರು ಯಾರು?

ನೆನಪಿದೆಯಾ 2024ರ ಏಪ್ರಿಲ್? 26ನೇ ತಾರೀಖು ಬಿಸಿಲಲ್ಲಿ ಸಾಲು ನಿಂತು ಲೋಕಸಭೆಗೆ ಓಟು ಹಾಕಿದೆವು. ಬೆರಳಿನ ಶಾಯಿ ಮಾಸುವ ಮೊದಲೇ, 28ನೇ ತಾರೀಖು, ಬೆಂಗಳೂರಿನ ಬಿಸಿಲು 38.5 ಡಿಗ್ರಿ ಮುಟ್ಟಿತು! 2016ರ ಏಪ್ರಿಲ್‌ನಲ್ಲಿ 39.2 ಆಗಿತ್ತು. ಫ್ಯಾನ್ ಇಲ್ಲದೆ ಬದುಕಬಹುದಾದ ಊರು ಅಂತ ಹಿರಿಯರು ಹೇಳುತ್ತಿದ್ದರಲ್ಲ? ಆ ಊರು ಇದೇನಾ?

ಆ ದಿನ ಏಸಿ ಕೋಣೆಯಲ್ಲಿ ಕೂತವರಿಗೆ ಅದು ಟಿವಿಯಲ್ಲಿ ಕಂಡ ಸುದ್ದಿ. ನಮಗೆ?

ವಿಜಯನಗರದ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ಅಕ್ಕನನ್ನು ಕೇಳಿ. ಹತ್ತು ಗಂಟೆಗೆ ಹಸಿರಾಗಿದ್ದ ಸೊಪ್ಪು ಹನ್ನೆರಡಕ್ಕೆ ಬಾಡಿ ಬಿದ್ದಿರುತ್ತದೆ. ಅರ್ಧ ಬೆಲೆಗೂ ಯಾರೂ ಕೊಳ್ಳುವುದಿಲ್ಲ. ಸಾಲ ಕೊಟ್ಟವನು ಮಾತ್ರ ಸಂಜೆ ಪೂರ್ತಿ ಬಡ್ಡಿ ಕೇಳುತ್ತಾನೆ!

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಅಕ್ಕನನ್ನು ಕೇಳಿ. ಮೇಲೆ ಕಾದ ಶೀಟು. ಪಕ್ಕದಲ್ಲಿ ಇಸ್ತ್ರಿಯ ಹಬೆ. ನೀರು ಕುಡಿದರೆ ಶೌಚಕ್ಕೆ ಏಳಬೇಕು. ಎದ್ದರೆ ಪೀಸು ಕಡಿಮೆ. ಪೀಸು ಕಡಿಮೆಯಾದರೆ ಸೂಪರ್‌ವೈಸರ್ ಬಾಯಿ. ಅದಕ್ಕೇ ನೀರೇ ಕುಡಿಯುವುದಿಲ್ಲ! ಉರಿಮೂತ್ರ, ತಲೆನೋವು, ತಲೆಸುತ್ತು. ಇದಕ್ಕೆಲ್ಲ ಸಂಬಳ ಕಡಿತ ಬೇರೆ.

ಕಾಮಾಕ್ಷಿಪಾಳ್ಯದ ಲೇತ್ ಮುಂದೆ ನಿಂತ ಹುಡುಗನನ್ನು ಕೇಳಿ. ಕಾರ್ಡ್ ರೋಡಿನ ಸಿಗ್ನಲ್‌ನಲ್ಲಿ ಹೆಲ್ಮೆಟ್ ಒಳಗೆ ಬೆವರು ಸುರಿಸುವ ಡೆಲಿವರಿ ಹುಡುಗನನ್ನು ಕೇಳಿ. ಮಧ್ಯಾಹ್ನ ನೆತ್ತಿ ಸುಡುವಾಗ ಅವನಿಗೆ ಬಿಡುವಿಲ್ಲ. ಬಿಸಿಲು ಏರಿದಷ್ಟೂ ಆರ್ಡರ್ ಜಾಸ್ತಿ. ಯಾಕೆ? ಉಳಿದವರು ಬಿಸಿಲಿಗೆ ಹೊರಗೆ ಬರುವುದಿಲ್ಲವಲ್ಲ!

ಇನ್ನು ನೀರು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ! ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರವೇ ಒಪ್ಪಿಕೊಂಡಿತು: ಬೆಂಗಳೂರಿನ ಸುಮಾರು 14 ಸಾವಿರ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿದರು. ಕೊನೆಗೆ ಜಿಲ್ಲಾಡಳಿತ ದರ ಕಟ್ಟಿತು: 6 ಸಾವಿರ ಲೀಟರ್‌ಗೆ, ಐದು ಕಿಲೋಮೀಟರ್ ಒಳಗೆ, 600 ರೂಪಾಯಿ. ನಿಮ್ಮ ಬೀದಿಗೆ ಆ ರೇಟಿಗೆ ಎಷ್ಟು ಟ್ಯಾಂಕರ್ ಬಂತು? ನೀವೇ ಹೇಳಿ!

ಬಿಂದಿಗೆ ಹಿಡಿದು ರಾತ್ರಿ ನಿದ್ದೆಗೆಟ್ಟವರು ಯಾರು? ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡವರು ಯಾರು? ನಾವು! ನಮ್ಮ ಹೆಣ್ಣುಮಕ್ಕಳು!

ಬಿಸಿಲು ಹೋಯಿತು, ಮಳೆ ಬಂತು ಅಂತ ಸಮಾಧಾನಪಟ್ಟೆವಾ? 2025ರ ಮೇ 18ರ ರಾತ್ರಿ ನೆನೆಸಿಕೊಳ್ಳಿ. ಒಂದೇ ರಾತ್ರಿಯಲ್ಲಿ ಕೆಂಗೇರಿಯಲ್ಲಿ 132 ಮಿಲಿಮೀಟರ್ ಮಳೆ! ಇಡೀ ನಗರದಲ್ಲೇ ಹೆಚ್ಚು ಸುರಿದ ಕಡೆಗಳಲ್ಲಿ ನಮ್ಮ ಕೆಂಗೇರಿಯೇ ಮುಂದೆ. ತಗ್ಗಿನ ಮನೆಗಳಿಗೆ ನುಗ್ಗಿದ್ದು ಬರೀ ಮಳೆನೀರಲ್ಲ. ಚರಂಡಿ ನೀರು, ವೃಷಭಾವತಿಯ ಕೊಚ್ಚೆ! ಅಕ್ಕಿ ಮೂಟೆ ಹೋಯಿತು. ಮಕ್ಕಳ ಪುಸ್ತಕ ಹೋಯಿತು. ಮಿಕ್ಸಿ, ಹಾಸಿಗೆ ಹೋಯಿತು. ಮರುದಿನ ಮಹದೇವಪುರದ ಕಡೆ ಕಾಂಪೌಂಡ್ ಗೋಡೆ ಕುಸಿದು, ಕೆಲಸಕ್ಕೆ ಬಂದಿದ್ದ ಹೌಸ್‌ಕೀಪಿಂಗ್ ಹೆಣ್ಣುಮಗಳು ಸತ್ತಳು. ಸಾಯುವುದೂ ನಮ್ಮವರೇ!

ನೀರು ಎಲ್ಲಿ ನಿಲ್ಲಬೇಕಿತ್ತು? ಕೇತಮಾರನಹಳ್ಳಿ ಕೆರೆ, ಅಗಸನ ಕೆರೆ, ಕುರುಬರಹಳ್ಳಿ ಕೆರೆ, ಶಿವನಹಳ್ಳಿ ಕೆರೆ, ಮಾರೇನಹಳ್ಳಿ ಕೆರೆ. ಎಲ್ಲಿವೆ ಇವು? ನಮ್ಮ ಕಾಲಡಿಯಲ್ಲಿ! ಸೈಟು, ಪಾರ್ಕು, ಮೈದಾನದ ಕೆಳಗೆ! ಕೆರೆ ನುಂಗಿದವರು ಮಾಳಿಗೆ ಮೇಲೆ ಮಾಳಿಗೆ ಕಟ್ಟಿದರು. ನೀರು ನಮ್ಮ ನಡುಮನೆಗೆ ಬಂತು.

ಅವರು ಕೊಟ್ಟ ಮಾತು ಏನು?

ಬಂಧುಗಳೇ, ಇದನ್ನೆಲ್ಲ ದೇವರ ಇಚ್ಛೆ ಅನ್ನಬೇಡಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆ ಭೂಮಿಯನ್ನು ಕಾಯಿಸುತ್ತಿದೆ. ಇದು ದೊಡ್ಡವರಿಗೆ ಗೊತ್ತಿಲ್ಲದ ಗುಟ್ಟಲ್ಲ. 2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಜಗತ್ತಿನ ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡವು. ಕಾರ್ಖಾನೆ ಯುಗಕ್ಕೆ ಮುಂಚಿನ ಮಟ್ಟದಿಂದ ಭೂಮಿಯ ಬಿಸಿ ಏರುವುದು 2 ಡಿಗ್ರಿಗಿಂತ ಸಾಕಷ್ಟು ಕೆಳಗೇ ಇರಲಿ, 1.5ಕ್ಕೆ ತಡೆಯಲು ಪ್ರಯತ್ನ ಮಾಡೋಣ ಅಂದರು. ಭಾರತವೂ ಸಹಿ ಹಾಕಿತು.

1.5ಕ್ಕೆ ತಡೆಯಲು ಏನು ಮಾಡಬೇಕು? ವಿಶ್ವಸಂಸ್ಥೆಯ ವಿಜ್ಞಾನಿಗಳು 2018ರಲ್ಲೇ ಲೆಕ್ಕ ಕೊಟ್ಟರು. 2010ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಜಗತ್ತಿನ ಹೊಗೆ ಸುಮಾರು ಶೇ 45 ಇಳಿಯಬೇಕು. 2050ರ ಹೊತ್ತಿಗೆ ಉಗುಳುವ ಹೊಗೆ, ಹೀರಿಕೊಳ್ಳುವ ಹೊಗೆ ಸಮ ಆಗಬೇಕು. ಅದನ್ನೇ ನೆಟ್ ಝೀರೋ ಅನ್ನುವುದು.

ಇಳಿಯಿತಾ? ಇಲ್ಲ! 2024 ಅಂತೂ ದಾಖಲೆಯಲ್ಲೇ ಅತಿ ಬಿಸಿ ವರ್ಷ. ಸುಮಾರು 1.55 ಡಿಗ್ರಿ ಏರಿಕೆ! ಎಲ್ಲ ದೇಶಗಳೂ ಈಗ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಂಡರೂ ಈ ಶತಮಾನದ ಕೊನೆಗೆ ಬಿಸಿ 2.3ರಿಂದ 2.5 ಡಿಗ್ರಿ ಏರುತ್ತದೆ ಅಂತ 2025ರಲ್ಲಿ ವಿಶ್ವಸಂಸ್ಥೆಯ ವರದಿಯೇ ಹೇಳಿತು. ಅಂದರೆ ಮಾತು ಉಳಿಸಿಕೊಂಡರೂ ನಾವು ಬೇಯುತ್ತೇವೆ! ಮಾತೇ ಸಣ್ಣದು!

ನಮ್ಮ ದೇಶದ ಮಾತು ಏನು? 2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಘೋಷಿಸಿದರು: 2070ಕ್ಕೆ ನೆಟ್ ಝೀರೋ!

2070! ಇವತ್ತು ವಿಜಯನಗರದ ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುವ ಮಗುವಿಗೆ ಆಗ ಐವತ್ತರ ಹತ್ತಿರ. ಘೋಷಣೆ ಮಾಡಿದವರು ಯಾರೂ ಕುರ್ಚಿಯಲ್ಲಿ ಇರುವುದಿಲ್ಲ. ಕೇಳುವುದು ಯಾರನ್ನು?

ಗಾರ್ಮೆಂಟ್ಸ್‌ನಲ್ಲಿ ನಮ್ಮ ಟಾರ್ಗೆಟ್ ಹೇಗಿರುತ್ತದೆ? ಗಂಟೆಗೆ ಇಷ್ಟು ಪೀಸು. ಬೋರ್ಡ್ ಮೇಲೆ ಬರೆದಿರುತ್ತದೆ. ಒಂದು ಗಂಟೆ ತಪ್ಪಿದರೆ ಮುಂದಿನ ಗಂಟೆ ಲೆಕ್ಕ ಕೊಡಬೇಕು. “ಮೇಡಂ, ಐವತ್ತು ವರ್ಷ ಬಿಟ್ಟು ಒಟ್ಟಿಗೆ ಹೊಲಿದು ಕೊಡ್ತೀನಿ” ಅಂತ ಯಾವ ಟೈಲರ್ ಹೇಳಲು ಸಾಧ್ಯ? ಸಂಜೆಯೇ ಗೇಟಿನ ಹೊರಗೆ!

ನಮಗಿರುವ ನಿಯಮ ಸರ್ಕಾರಕ್ಕೆ ಯಾಕಿಲ್ಲ?

ಲೆಕ್ಕದಲ್ಲಿ ಆಟ!

2070 ದೂರ ಆಯಿತು, 2030ಕ್ಕೂ ಗುರಿ ಇದೆಯಲ್ಲ ಅನ್ನುತ್ತಾರೆ. ಇದೆ. 2022ರ ಆಗಸ್ಟ್‌ನಲ್ಲಿ ಬರೆದುಕೊಟ್ಟರು. ಬಿಡಿಸಿ ನೋಡೋಣ ಬನ್ನಿ.

ಮೊದಲ ಗುರಿ: 2030ಕ್ಕೆ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಎಣ್ಣೆ ಇಲ್ಲದ್ದಾಗಿರಬೇಕು. 2025ರ ಜುಲೈನಲ್ಲೇ ಮುಟ್ಟಿದೆವು ಅಂತ ಕೇಂದ್ರ ಬೆನ್ನು ತಟ್ಟಿಕೊಂಡಿತು. ಐದು ವರ್ಷ ಮೊದಲೇ! ಸಂತೋಷ. ಹಾಗಾದರೆ ಗುರಿ ಯಾಕೆ ಅಷ್ಟು ಕೆಳಗೆ ಇಟ್ಟಿರಿ? ಮತ್ತೆ, ಸಾಮರ್ಥ್ಯ ಬೇರೆ, ನಿಜವಾಗಿ ಹರಿಯುವ ಕರೆಂಟು ಬೇರೆ. ದೇಶದಲ್ಲಿ ತಯಾರಾಗುವ 100 ಯೂನಿಟ್‌ನಲ್ಲಿ ಸುಮಾರು 70 ಇವತ್ತಿಗೂ ಕಲ್ಲಿದ್ದಲಿನದೇ!

ಎರಡನೇ ಗುರಿ: 2005ಕ್ಕೆ ಹೋಲಿಸಿ ಹೊಗೆಯ ‘ತೀವ್ರತೆ’ ಶೇ 45 ಇಳಿಸುವುದು. ಕೇಳಲು ಚೆನ್ನ. ಆದರೆ ಗಮನಿಸಿ. ಒಟ್ಟು ಹೊಗೆ ಇಳಿಸುತ್ತೇವೆ ಅಂತ ಇಲ್ಲಿ ಹೇಳಿಲ್ಲ! ದೇಶ ದುಡಿಯುವ ಪ್ರತಿ ರೂಪಾಯಿಗೆ ಏಳುವ ಹೊಗೆ ಇಳಿಸುತ್ತೇವೆ ಅಂದಿದ್ದಾರೆ. ರೂಪಾಯಿ ಹೊಗೆಗಿಂತ ಜೋರಾಗಿ ಬೆಳೆದರೆ ಸಾಕು, ಗುರಿ ಮುಟ್ಟಿತು. ಹೊಗೆ ಮಾತ್ರ ಏರುತ್ತಲೇ ಇರಬಹುದು. 2020ರ ಹೊತ್ತಿಗೇ ಶೇ 36 ಇಳಿಸಿದ್ದೇವೆ ಅಂತ ಕೇಂದ್ರವೇ ಹೇಳಿದೆ. ನಮ್ಮ ನೆತ್ತಿಯ ಬಿಸಿ ಶೇ 36 ಇಳಿಯಿತಾ?

ಮೂರನೆಯದು 2035ರ ಗುರಿ. ಐದು ವರ್ಷಕ್ಕೊಮ್ಮೆ ಹಿಂದಿನದಕ್ಕಿಂತ ದೊಡ್ಡ ಮಾತು ಕೊಡಬೇಕು. ಇದು ಪ್ಯಾರಿಸ್ ನಿಯಮ. 2035ರ ಮಾತಿಗೆ 2025ರ ಫೆಬ್ರುವರಿ ಗಡುವು ಇತ್ತು. ಬಹುಪಾಲು ದೇಶಗಳಂತೆ ನಾವೂ ಗಡುವು ತಪ್ಪಿಸಿದೆವು! ಕರೆಂಟ್ ಬಿಲ್ಲು ತಪ್ಪಿಸಿದರೆ ನಮ್ಮ ಮನೆ ಫ್ಯೂಸ್ ಕೀಳುತ್ತಾರೆ. ಇವರ ಫ್ಯೂಸ್ ಕೀಳುವವರು ಯಾರು?

ನಮ್ಮ ಬಡತನದ ಹಿಂದೆ ಅಡಗಬೇಡಿ!

ಕೇಳಿದರೆ ಒಂದು ಸಿದ್ಧ ಉತ್ತರ ಇದೆ. “ಹೊಗೆ ಹಾಕಿದ್ದು ಅಮೆರಿಕ, ಯುರೋಪು. ನಾವು ಬಡ ದೇಶ. ನಮ್ಮ ತಲಾ ಹೊಗೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು ಸುಮಾರು 14 ಟನ್.”

ನಿಜ! ನೂರಕ್ಕೆ ನೂರು ನಿಜ! ಅಮೆರಿಕವನ್ನು ಮೊದಲು ಹಿಡಿಯಬೇಕು. ನೂರೈವತ್ತು ವರ್ಷ ಹೊಗೆ ಉಗುಳಿ ಶ್ರೀಮಂತರಾದವರು, 2025ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದದಿಂದಲೇ ಹೊರಗೆ ಹೋಗುತ್ತೇವೆ ಅಂತ ಸಹಿ ಹಾಕಿದರು. ನಾಚಿಕೆಗೇಡು! ಬಾಕುವಿನಲ್ಲಿ 2024ರ ನವೆಂಬರ್‌ನಲ್ಲಿ ಶ್ರೀಮಂತ ದೇಶಗಳು ಒಪ್ಪಿದ್ದು 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್. ಎಲ್ಲ ಬಡ ದೇಶಗಳಿಗೂ ಸೇರಿ! ಅದು ಸಾಲದು ಅಂತ ಭಾರತ ಅಲ್ಲೇ ಎದ್ದು ನಿಂತು ಪ್ರತಿಭಟಿಸಿತು. ಸರಿಯಾಗಿಯೇ ಮಾಡಿತು. ಆ ಜಗಳದಲ್ಲಿ ನಾವು ಸರ್ಕಾರದ ಜೊತೆಗೇ ಇದ್ದೇವೆ.

ಆದರೆ ಸ್ವಾಮಿ, ಆ 2 ಟನ್ ಯಾರದು? ಮೂರು ಕಾರು, ಮನೆ ತುಂಬ ಏಸಿ, ತಿಂಗಳಿಗೆರಡು ವಿಮಾನ ಪ್ರಯಾಣದವನ ಹೊಗೆಯನ್ನೂ ಪಟ್ಟೆಗಾರಪಾಳ್ಯದ ಅಗರಬತ್ತಿ ಹೊಸೆಯುವ ಅಜ್ಜಿಯ ಹೊಗೆಯನ್ನೂ ಕೂಡಿಸಿ ಭಾಗ ಮಾಡಿದ ಸರಾಸರಿ ಅದು! ಹೊಗೆ ಅವನದು. ಬಡತನ ಅಜ್ಜಿಯದು. ಲೆಕ್ಕ ಒಪ್ಪಿಸುವಾಗ ಅಜ್ಜಿ ಮುಂದೆ, ಲಾಭ ಹಂಚುವಾಗ ಅವನು ಮುಂದೆ!

ಜಗತ್ತಿನ ಮುಂದೆ ನ್ಯಾಯ ಕೇಳುವವರು ಮನೆಯೊಳಗೂ ನ್ಯಾಯ ಮಾಡಬೇಕು. ದಿಲ್ಲಿಯವರೇ, ನಮ್ಮ ಹೆಸರು ಹೇಳಿ ಗಡುವು ಮುಂದೂಡಬೇಡಿ. ತಡವಾದಷ್ಟೂ ಬೇಯುವವರು ನಾವು!

ರಾಯಚೂರಿನ ಬೂದಿ, ಬೆಂಗಳೂರಿನ ದೀಪ

ನಮ್ಮ ದೀಪ ಎಲ್ಲಿಂದ ಬರುತ್ತದೆ ಯೋಚಿಸಿದ್ದೀರಾ? ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್. ಯರಮರಸ್‌ನಲ್ಲಿ 1,600. ಬಳ್ಳಾರಿಯ ಕುಡತಿನಿಯಲ್ಲಿ 1,700. ಎಲ್ಲ ಕಲ್ಲಿದ್ದಲು! ಅಲ್ಲಿಯ ಜನಕ್ಕೆ ಹಾರುಬೂದಿ, ಕೆಮ್ಮು. ಮೇಲೆ ಬರಗಾಲ. ಬೆಳೆ ಒಣಗಿದ ಮೇಲೆ ಅದೇ ಜನ ಗಂಟುಮೂಟೆ ಕಟ್ಟಿಕೊಂಡು ರಾತ್ರಿ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಕೆಂಗೇರಿಯ ಆಚೆ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ತಗಡಿನ ಶೆಡ್‌ನಲ್ಲಿ ಮಲಗುತ್ತಾರೆ. ಹೊಗೆ ಅವರ ಊರನ್ನೂ ಸುಟ್ಟಿತು, ಬಂದ ಊರಲ್ಲೂ ಸುಡುತ್ತಿದೆ!

ಬೇರೆ ದಾರಿ ಇಲ್ಲವಾ? ಇದೆ! ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ಬರದ ಸೀಮೆಯ ಬಿಸಿಲೇ ಕರೆಂಟು ಆಗಿದೆ. ನಮ್ಮ ರಾಜ್ಯಕ್ಕೆ ಬಿಸಿಲಿದೆ, ಗಾಳಿ ಇದೆ. ಆದರೆ ಮನೆ ಮೇಲೆ ಸೋಲಾರ್ ಹಾಕಿಸಿದರೆ ಕೇಂದ್ರ ಕೊಡುವ 78 ಸಾವಿರ ರೂಪಾಯಿವರೆಗಿನ ಸಬ್ಸಿಡಿ ಯಾರಿಗೆ? ಸ್ವಂತ ಚಾವಣಿ ಇದ್ದವರಿಗೆ! ಬಾಡಿಗೆ ಮನೆಯ ನಮಗೇನು?

ನಗರದ ಮಾತು: ಪುಸ್ತಕ ಬಂತು, ಬಸ್ಸು ಬರಲಿಲ್ಲ!

ಬೆಂಗಳೂರೂ ಒಂದು ಮಾತು ಕೊಟ್ಟಿದೆ. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ‘ಹವಾಮಾನ ಕ್ರಿಯಾ ಯೋಜನೆ’ ಬಿಡುಗಡೆ ಮಾಡಿತು. 2050ಕ್ಕೆ ನಗರ ನೆಟ್ ಝೀರೋ! ದೇಶಕ್ಕಿಂತ ಇಪ್ಪತ್ತು ವರ್ಷ ಮೊದಲು. ಜಗತ್ತಿನ ಗುರಿಗೆ ಸರಿಯಾಗಿ ಹೊಂದುವ ವರ್ಷ. ಭೇಷ್! ಈ ಮಾತನ್ನು ನಾವು ಸ್ವಾಗತಿಸುತ್ತೇವೆ.

ಆದರೆ ಮಾತು ಕೊಟ್ಟ ಬಿಬಿಎಂಪಿ ಎಲ್ಲಿದೆ? 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಯಾಗಿ ಒಡೆಯಿತು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. 2050ರ ಮಾತು ಈಗ ಯಾರ ಮೇಜಿನ ಮೇಲಿದೆ? ಐದರಲ್ಲಿ ಯಾರ ಪಾಲಿಗೆ ಎಷ್ಟು? ಯಾವ ವಾರ್ಡಿಗೆ ಎಷ್ಟು? ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಆಡಳಿತ ನಡೆಯಿತು. ಯೋಜನೆ ಬರೆದಾಗ ನಮ್ಮ ಬೀದಿಯ ಪರವಾಗಿ ಮಾತಾಡಲು ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ!

ಮಾತಿಗೂ ಕೆಲಸಕ್ಕೂ ಎಷ್ಟು ದೂರ? ರಸ್ತೆಗೆ ಬನ್ನಿ, ಕಾಣುತ್ತದೆ!

ನಗರದಲ್ಲಿ ವಾಹನ ಒಂದು ಕೋಟಿ ದಾಟಿವೆ. ಬಿಎಂಟಿಸಿ ಬಸ್ಸು ಸುಮಾರು 7 ಸಾವಿರ. ಹೊಗೆ ಇಳಿಸಬೇಕು ಅಂದರೆ ಜನ ಬಸ್ಸು, ರೈಲು ಹತ್ತಬೇಕು. ಇದು ಸಣ್ಣ ಮಗುವಿಗೂ ಗೊತ್ತು. ಇವರು ಮಾಡಿದ್ದೇನು? 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿಕೆ! ಫೆಬ್ರುವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ! ಹೆಣ್ಣುಮಕ್ಕಳಿಗೆ ‘ಶಕ್ತಿ’ಯಲ್ಲಿ ಟಿಕೆಟ್ ಉಚಿತ, ಒಳ್ಳೆಯದೇ. ಆದರೆ ಸುಂಕದಕಟ್ಟೆಯ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತರೂ ಬಸ್ಸೇ ಬಾರದಿದ್ದರೆ ಉಚಿತ ಟಿಕೆಟ್ ತಗೊಂಡು ಏನು ಮಾಡೋಣ?

ಈಗ ಕೆಂಗೇರಿಯವರು ಗಮನ ಕೊಡಿ! 2022ರ ಜೂನ್ 20. ನಿಮ್ಮ ಪಕ್ಕದ ಕೊಮ್ಮಘಟ್ಟದಲ್ಲೇ ದೊಡ್ಡ ಪೆಂಡಾಲು. ಪ್ರಧಾನಿ ಬಂದರು. ಉಪನಗರ ರೈಲಿಗೆ ಶಂಕುಸ್ಥಾಪನೆ ಆಯಿತು. 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. ನಾವು ಚಪ್ಪಾಳೆ ತಟ್ಟಿದೆವು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ಕೆಂಗೇರಿಯಿಂದ ಕಂಟೋನ್ಮೆಂಟ್ ಮೇಲೆ ವೈಟ್‌ಫೀಲ್ಡ್‌ಗೆ ಹೋಗಬೇಕಾದ 35 ಕಿಲೋಮೀಟರ್‌ನ ‘ಪಾರಿಜಾತ’ ಮಾರ್ಗ ಎಲ್ಲಿ? ಹತ್ತಿದವರು ಯಾರಾದರೂ ಇದ್ದರೆ ಕೈ ಎತ್ತಿ!

ಆದರೆ ಸುರಂಗಕ್ಕೆ ದುಡ್ಡಿದೆ! ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹದಿನೇಳು ಕಿಲೋಮೀಟರ್ ಸುರಂಗ ರಸ್ತೆ. ಅಂದಾಜು 17 ಸಾವಿರ ಕೋಟಿಗೂ ಮೇಲೆ! ಟೋಲ್ ಕಟ್ಟುವ ಕಾರುಗಳಿಗೆ! 148 ಕಿಲೋಮೀಟರ್‌ನ ಇಡೀ ಉಪನಗರ ರೈಲಿಗೆ 2020ರಲ್ಲಿ ಮಂಜೂರಾದ ಅಂದಾಜು ಎಷ್ಟು ಗೊತ್ತಾ? 15,767 ಕೋಟಿ! ಹದಿನೇಳು ಕಿಲೋಮೀಟರ್ ಕಾರಿನ ಬಿಲಕ್ಕೆ ಅದಕ್ಕಿಂತ ಹೆಚ್ಚು!

ಒಂದು ಕೈಯಲ್ಲಿ 2050ರ ಪುಸ್ತಕ. ಇನ್ನೊಂದು ಕೈಯಲ್ಲಿ ಸುರಂಗದ ನೀಲಿನಕ್ಷೆ. ಯಾವ ಕೈಯನ್ನು ನಂಬೋಣ?

ಇದು ದಯೆ ಅಲ್ಲ, ನಮ್ಮ ಹಕ್ಕು!

ಬಂಧುಗಳೇ, ನಾವು ಭಿಕ್ಷೆ ಕೇಳುತ್ತಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಪಾರಾಗುವುದು ಸಂವಿಧಾನದ 14 ಮತ್ತು 21ನೇ ವಿಧಿಯೊಳಗೆ ಬರುವ ಹಕ್ಕು ಅಂತ! ಸಮಾನತೆಯ ಹಕ್ಕು, ಬದುಕುವ ಹಕ್ಕು! 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಹೇಳಿತು: ಹವಾಮಾನ ಕಾಪಾಡುವುದು ದೇಶಗಳ ಕರ್ತವ್ಯ, ಮನಸ್ಸು ಬಂದರೆ ಮಾಡುವ ಉಪಕಾರ ಅಲ್ಲ.

ಬಾಬಾಸಾಹೇಬರು ಬರೆದುಕೊಟ್ಟ ಹಕ್ಕು ಕೋರ್ಟಿನ ಕಡತದಲ್ಲಿ ಕೂತರೆ ಸಾಲದು. ನಮ್ಮ ಬೀದಿಗೆ ಇಳಿಯಬೇಕು!

ನಮ್ಮಿಂದ ಏನಾಗುತ್ತೆ ಅನ್ನಬೇಡಿ!

“ಪ್ಯಾರಿಸ್, ದಿಲ್ಲಿ ಅಂದರೆ ದೊಡ್ಡವರ ವಿಷಯ. ಸೊಪ್ಪು ಮಾರುವವರ ಮಾತು ಯಾರು ಕೇಳುತ್ತಾರೆ?” ಹೀಗೆ ಅನ್ನುವವರೇ, ಇದೇ ಊರಿನ ಇತಿಹಾಸ ಕೇಳಿ!

2016ರ ಏಪ್ರಿಲ್. ಪಿಎಫ್ ಹಣ ಹಿಂದೆ ಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಲು ಹೊರಟಿತ್ತು. ನಾವು ದುಡಿದ ದುಡ್ಡು, ಬೇಕಾದಾಗ ಸಿಗದು! ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸೂಜಿ-ದಾರ ಕೆಳಗಿಟ್ಟು ರಸ್ತೆಗೆ ಇಳಿದರು. ಲಾಠಿ ಏಟು ತಿಂದರು. ಹಿಂದೆ ಸರಿಯಲಿಲ್ಲ. 18ಕ್ಕೆ ಶುರು, 19ಕ್ಕೆ ದಿಲ್ಲಿ ಆ ನಿಯಮ ವಾಪಸ್ ತಗೊಂಡಿತು! ಎರಡೇ ದಿನ! ಇಡೀ ದೇಶದ ಕಾರ್ಮಿಕರ ದುಡ್ಡು ಉಳಿಸಿದವರು ನಮ್ಮ ಅಕ್ಕಂದಿರು!

ಅದೇ ವರ್ಷ ಅಕ್ಟೋಬರ್. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಕಟ್ಟುತ್ತೇವೆ, 800ಕ್ಕೂ ಹೆಚ್ಚು ಮರ ಕಡಿಯುತ್ತೇವೆ ಅಂತ ಸರ್ಕಾರ ಹೊರಟಿತು. ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟರು. ಮರಗಳು ಉಳಿದವು.

ಗೆದ್ದವರು ಯಾರು? ಮಂತ್ರಿಗಳಲ್ಲ. ನಮ್ಮಂಥವರು!

ನಮ್ಮ ಒತ್ತಾಯಗಳು

1. ದೇಶದ 2035ರ ಗುರಿ ಜಗತ್ತಿನ 1.5 ಡಿಗ್ರಿ ಗುರಿಗೆ ಹೊಂದಬೇಕು. ರೂಪಾಯಿ ಲೆಕ್ಕದ ಆಟ ಸಾಕು. ಒಟ್ಟು ಹೊಗೆ ಯಾವ ವರ್ಷದಿಂದ ಇಳಿಯುತ್ತದೆ? ಆ ವರ್ಷ ಬರೆದುಕೊಡಿ!

2. 2070ರವರೆಗೆ ಕಾಯುವುದಿಲ್ಲ. ವರ್ಷಕ್ಕೊಂದು ಗುರಿ ಬೇಕು. ಅದು ಸಂಸತ್ತಿನಲ್ಲಿ ಕಾಯ್ದೆಯಾಗಬೇಕು. ಗುರಿ ತಪ್ಪಿದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಕಾರಣ ಹೇಳಬೇಕು!

3. ಬೆಂಗಳೂರಿನ 2050ರ ಮಾತು ಐದೂ ಪಾಲಿಕೆಗಳ ಬಜೆಟ್ಟಿನಲ್ಲಿ ಕಾಣಬೇಕು. ಈ ವರ್ಷ ನಮ್ಮ ವಾರ್ಡಿನಲ್ಲಿ ಎಷ್ಟು ಮರ, ಎಷ್ಟು ಬಸ್ಸು, ಎಷ್ಟು ಸೋಲಾರ್, ಎಷ್ಟು ಖರ್ಚು? ವಾರ್ಡ್ ಕಚೇರಿಯ ಗೋಡೆ ಮೇಲೆ, ಗಾರ್ಮೆಂಟ್ಸ್ ಲೈನಿನ ಬೋರ್ಡಿನಂತೆ, ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ!

4. ಸುರಂಗಕ್ಕೆ ಸುರಿಯುವ ದುಡ್ಡು ಬಸ್ಸಿಗೆ, ಉಪನಗರ ರೈಲಿಗೆ ಹೋಗಲಿ! ಕೆಂಗೇರಿಯ ‘ಪಾರಿಜಾತ’ ಮಾರ್ಗಕ್ಕೆ ಹೊಸ ದಿನಾಂಕ ಬರೆದು ಕೊಡಿ!

5. ಬಿಸಿಲ ದಿನಗಳಲ್ಲಿ ಹೊರಗೆ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಸಂಬಳ ಸಹಿತ ಬಿಡುವು! ಮಾರ್ಕೆಟ್, ಬಸ್ ಸ್ಟಾಪ್, ಆಟೋ ಸ್ಟ್ಯಾಂಡ್‌ನಲ್ಲಿ ನೆರಳು, ಕುಡಿಯುವ ನೀರು! ಕಾರ್ಖಾನೆಗಳಲ್ಲಿ ಗಾಳಿ, ನೀರು, ಶೌಚಕ್ಕೆ ಹೋಗಲು ಸಮಯ!

6. ಶೀಟ್ ಮನೆಗಳಿಗೆ ಬಿಸಿ ತಡೆಯುವ ಬಿಳಿ ಬಣ್ಣ ಸರ್ಕಾರದ ಖರ್ಚಿನಲ್ಲಿ! ಸರ್ಕಾರಿ ಶಾಲೆ, ಆಸ್ಪತ್ರೆ, ಮಾರ್ಕೆಟ್‌ಗಳ ಚಾವಣಿಯಲ್ಲಿ ಸೋಲಾರ್! ಅದರ ಕರೆಂಟಿನಲ್ಲಿ ಬಾಡಿಗೆದಾರರಿಗೂ ಪಾಲು!

7. ವೃಷಭಾವತಿಯ ರಾಜಕಾಲುವೆ ಒತ್ತುವರಿ ತೆರವು! ಮೊದಲು ದೊಡ್ಡವರ ಕಟ್ಟಡ. ಬಡವರ ಗುಡಿಸಲಿಗೆ ಕೈ ಹಾಕುವ ಮೊದಲು ಬೇರೆ ಮನೆ!

8. ಕಲ್ಲಿದ್ದಲು ಘಟಕ ಮುಚ್ಚುವಾಗ ಶಕ್ತಿನಗರ, ಕುಡತಿನಿಯ ಕಾರ್ಮಿಕರನ್ನು ಬೀದಿಗೆ ತಳ್ಳಬೇಡಿ. ಬದಲಿ ಕೆಲಸ ಕೊಟ್ಟೇ ಮುಚ್ಚಿ!

ಈಗ ನೀವು ಏನು ಮಾಡಬೇಕು?

ಈ ವಾರವೇ ಮಾಡಿ. ಮುಂದಿನ ಬೇಸಿಗೆಗೆ ಕಾಯಬೇಡಿ!

ಅರ್ಜಿ ಹಾಕಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ. “ಹವಾಮಾನ ಕ್ರಿಯಾ ಯೋಜನೆಯಡಿ ನಮ್ಮ ವಾರ್ಡಿನಲ್ಲಿ ಈವರೆಗೆ ಏನು ಕೆಲಸ ಆಗಿದೆ, ಎಷ್ಟು ಹಣ ಖರ್ಚಾಗಿದೆ, ಹೊಣೆ ಹೊತ್ತ ಅಧಿಕಾರಿ ಯಾರು?” ಇಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಒಬ್ಬರು ಕೇಳಿದರೆ ಕಡತ ಮುಚ್ಚುತ್ತಾರೆ. ಬೀದಿಗೆ ಹತ್ತು ಜನ ಕೇಳಿದರೆ ಕುರ್ಚಿ ಅಲ್ಲಾಡುತ್ತದೆ!

ಸಂಸದರನ್ನು ಹಿಡಿಯಿರಿ. ಪಶ್ಚಿಮ ಬೆಂಗಳೂರಿನವರು ಮೂರು ಲೋಕಸಭಾ ಕ್ಷೇತ್ರಕ್ಕೆ ಹಂಚಿಹೋಗಿದ್ದೇವೆ. ರಾಜಾಜಿನಗರ, ಬಸವೇಶ್ವರನಗರ ಬೆಂಗಳೂರು ಕೇಂದ್ರಕ್ಕೆ. ವಿಜಯನಗರ ದಕ್ಷಿಣಕ್ಕೆ. ಕೆಂಗೇರಿ ಉತ್ತರಕ್ಕೆ. ಇದು ನಮ್ಮ ಬಲ! ಮೂವರಿಗೂ ಒಂದೇ ಪ್ರಶ್ನೆ ಬರೆಯಿರಿ: “2035ರ ಗುರಿ ಬಗ್ಗೆ ಸಂಸತ್ತಿನಲ್ಲಿ ನೀವು ಏನು ಕೇಳಿದಿರಿ?” ಕಾರ್ಡು ಬರೆಯಿರಿ. ಕಚೇರಿಗೆ ಹೋಗಿ ಸೀಲು ಹಾಕಿಸಿಕೊಂಡು ಬನ್ನಿ.

ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ. ಪಾಲಿಕೆ ಚುನಾವಣೆಗೆ ಸೀರೆ, ಕುಕ್ಕರ್, ಬಿರಿಯಾನಿ ಹಿಡಿದು ಬರುತ್ತಾರೆ. ಮೇಲಿನ ಎಂಟು ಒತ್ತಾಯದ ಕೆಳಗೆ ಸಹಿ ಹಾಕಿ ಅನ್ನಿ. ಸಹಿ ಹಾಕಿದವರ ಹೆಸರು ಬೀದಿಯ ಕೊನೆಯಲ್ಲಿ ಅಂಟಿಸಿ. ಹಾಕದವರ ಹೆಸರನ್ನೂ ಅಂಟಿಸಿ!

ಕೂಡಿ ಮಾತಾಡಿ. ಗಾರ್ಮೆಂಟ್ಸ್ ಗೇಟಿನಲ್ಲಿ, ಆಟೋ ಸ್ಟ್ಯಾಂಡ್‌ನಲ್ಲಿ, ಸ್ವಸಹಾಯ ಸಂಘದಲ್ಲಿ, ಅಣ್ಣಮ್ಮನ ಉತ್ಸವದಲ್ಲಿ, ಮಸೀದಿ ಮುಂದೆ, ಚರ್ಚ್ ಮುಂದೆ. ಬಿಸಿಲಿಗೆ ಜಾತಿ ಇಲ್ಲ, ಧರ್ಮ ಇಲ್ಲ, ಪಕ್ಷವೂ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ನೆರಳಿದ್ದವನು ಯಾರು, ನೆರಳಿಲ್ಲದವನು ಯಾರು!

ಬಂಧುಗಳೇ, ನಾವು ಸುಮ್ಮನಿದ್ದರೆ 2070 ಅಂದವರು ನಾಳೆ 2080 ಅನ್ನುತ್ತಾರೆ. ನಾವು ಎದ್ದರೆ ಈ ವರ್ಷದ ಲೆಕ್ಕ ಈ ವರ್ಷವೇ ಕೊಡುತ್ತಾರೆ. ಪಿಎಫ್ ದುಡ್ಡಿಗೆ ದಿಲ್ಲಿಯನ್ನು ಮಣಿಸಿದವರು ನಾವು. ಮಕ್ಕಳ ಉಸಿರಿಗೆ ಮಣಿಸಲಾರೆವಾ?

ಏಳಿ! ಕೇಳಿ! ಲೆಕ್ಕ ಕೇಳಿ!

ವರ್ಷಕ್ಕೊಂದು ಗುರಿ ಬೇಕು!
ವಾರ್ಡಿಗೊಂದು ಲೆಕ್ಕ ಬೇಕು!
ಸುರಂಗ ಬೇಡ, ಬಸ್ಸು ಬೇಕು!
ಬಡವರ ಹೆಸರಲ್ಲಿ ಗಡುವು ಮುಂದೂಡುವುದು ನಿಲ್ಲಲಿ!

ಇಂತಿ,
ನಿಮ್ಮ ಜೊತೆಗೇ ಬೇಯುತ್ತಿರುವ ನೆರೆಹೊರೆಯವರು

(ಓದಿದ ಮೇಲೆ ಬಿಸಾಡಬೇಡಿ. ಪಕ್ಕದ ಮನೆಗೆ ಕೊಡಿ. ಸಾಧ್ಯವಾದರೆ ಹತ್ತು ಜೆರಾಕ್ಸ್ ತೆಗೆಸಿ ಹಂಚಿ.)